ಪಂಪ್ ಓಡುತ್ತಿತ್ತು, ನೀರು ಇಳಿಯುತ್ತಿರಲಿಲ್ಲ

ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್. ಅದಕ್ಕೂ ಮೊದಲು ಪ್ಲಂಬರ್ ಆಗಿದ್ದೆ. ನಮ್ಮಲ್ಲಿ 36 ಮನೆ, ಕೆಳಗೆ ಒಂದು ಬೇಸ್‌ಮೆಂಟ್, ಅದರ ಮೂಲೆಯಲ್ಲೊಂದು ಗುಂಡಿ, ಗುಂಡಿಯೊಳಗೆ 3 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್. ಬೆಂಗಳೂರಲ್ಲಿ ಸಂಪ್ ಅಂದ ತಕ್ಷಣ ಕಾವೇರಿ ನೀರು ತುಂಬಿಸುವ ತೊಟ್ಟಿಯೇ ನೆನಪಾಗುತ್ತದೆ. ನಾನು ಹೇಳುವುದು ಅದಲ್ಲ. ಮಳೆ ನೀರು, ಕಾರು ತೊಳೆದ ನೀರು, ಗೋಡೆಯಿಂದ ಜಿನುಗಿದ ನೀರು ಎಲ್ಲ ಹರಿದು ಬಂದು ಸೇರುವ ಗುಂಡಿ. ನಾವು ಸುಮ್ನೆ 'ಪಿಟ್' ಅನ್ನುತ್ತೇವೆ. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಇದೆ ಅಂತಲೇ ಯಾರಿಗೂ ನೆನಪಿರುವುದಿಲ್ಲ.

2022ರ ಸೆಪ್ಟೆಂಬರ್ 4, ಭಾನುವಾರ. ರಾತ್ರಿ ಹನ್ನೊಂದೂವರೆಗೆ ಗೇಟಿನ ಅಜ್ಜನ ಫೋನ್ ಬಂತು. ಅವರು ರಾಯಚೂರು ಕಡೆಯವರು. "ಸರ, ಕೆಳಗ ನೀರು ಬರಾಕತ್ತೈತ್ರೀ. ಪಂಪಿಂದು ಸದ್ದೇ ಇಲ್ರೀ."

ನನ್ನ ರೂಮು ಎರಡು ಕಿಲೋಮೀಟರ್ ದೂರ. ಅಷ್ಟು ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಅರ್ಧ ದಾರಿಯಲ್ಲೇ ಬೈಕ್ ನಿಲ್ಲಿಸಿ ನಡೆದೆ. ನಗರದಲ್ಲಿ ಆವತ್ತು ಸುಮಾರು 130 ಮಿ.ಮೀ. ಮಳೆ ಸುರಿದಿತ್ತು. ಆ ಮಳೆಯ ಬೆನ್ನಲ್ಲೇ ಯಮಲೂರು, ಬೆಳ್ಳಂದೂರು ಕಡೆ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ನೀವೂ ನೋಡಿರುತ್ತೀರಿ.

ನಾನು ಮುಟ್ಟುವ ಹೊತ್ತಿಗೆ ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಪ್ಯಾನೆಲ್‌ನಲ್ಲಿ ಆಟೋದಿಂದ ಮ್ಯಾನ್ಯುಯಲ್‌ಗೆ ತಿರುಗಿಸಿ ಪಂಪ್ ಹಾಕಿದ್ದ. ಗುಂಯ್ ಅಂತ ಸದ್ದು ಬರುತ್ತಿತ್ತು. "ಅಣ್ಣ, ಪಂಪ್ ಓಕೆ, ಫ್ಲೋಟ್ ಮಾತ್ರ ಕೈ ಕೊಟ್ಟಿದೆ" ಅಂದ. ಫ್ಲೋಟ್ ಅಂದರೆ ನೀರಿನ ಜತೆ ತೇಲಿ ಮೇಲೆದ್ದು ಪಂಪನ್ನು ತಾನಾಗಿ ಹಾಕುವ ಸ್ವಿಚ್. ನನಗೂ ಉಸಿರು ಬಂದಂತಾಯಿತು. ಆದರೂ ಜೇಬಲ್ಲಿದ್ದ ಸೀಮೆಸುಣ್ಣದಲ್ಲಿ ಕಂಬದ ಮೇಲೆ, ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆದೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಗೆರೆ ಕಾಣುತ್ತಿಲ್ಲ. ನೀರಿನೊಳಗೆ ಹೋಗಿತ್ತು.

ಪಂಪ್ ಎತ್ತಿದ ನೀರು ಪೈಪಲ್ಲಿ ಹೋಗಿ ರಸ್ತೆ ಬದಿಯ ಚರಂಡಿಗೆ ಬೀಳುತ್ತದೆ. ಚರಂಡಿ ಆಗಲೇ ತುಂಬಿ ರಸ್ತೆಯ ಮೇಲೆ ಹರಿಯುತ್ತಿತ್ತು. ರಸ್ತೆಯ ನೀರು ನಮ್ಮ ರ‍್ಯಾಂಪ್ ಇಳಿದು ವಾಪಸ್ ಬೇಸ್‌ಮೆಂಟ್‌ಗೇ ಬರುತ್ತಿತ್ತು. ಅಂದರೆ ನಾವು ಅದೇ ನೀರನ್ನು ಮೇಲೆ ಕಳಿಸಿ ಕೆಳಗೆ ಕರೆಸಿಕೊಳ್ಳುತ್ತಿದ್ದೆವು. ಕರೆಂಟ್ ಖರ್ಚು ನಮ್ಮದು. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಪೈಪಿನ ಎನ್‌ಆರ್‌ವಿ, ಅಂದರೆ ಹೋದ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್, ಮಣ್ಣು ಕೂತು ತೆರೆದೇ ನಿಂತಿತ್ತು. ಪೈಪಿನ ಬಾಯಿ ಚರಂಡಿ ನೀರಲ್ಲಿ ಮುಳುಗಿತ್ತು. ಹಾಗಾಗಿ ಪಂಪ್ ನಿಂತಿದ್ದ ಹೊತ್ತಿನಲ್ಲೆಲ್ಲ ಚರಂಡಿಯೇ ನಮ್ಮ ಪೈಪಲ್ಲಿ ಇಳಿದು ಪಿಟ್ ತುಂಬಿಸಿತ್ತು.

ನೀರು ಒಂದಡಿ ದಾಟಿತು. ಕಾರಿನ ಚಾರ್ಜಿಂಗ್ ಪಾಯಿಂಟುಗಳು ಒಂದೂವರೆ ಅಡಿ ಎತ್ತರದಲ್ಲಿವೆ. ಹುಡುಗನನ್ನು ಮೇಲೆ ಕಳಿಸಿದೆ. ಲಿಫ್ಟನ್ನು ಮೂರನೇ ಮಹಡಿಗೆ ಕಳಿಸಿ ಆಫ್ ಮಾಡಿದೆವು. ನೆಲಮಹಡಿಯ ಮೇನ್‌ನಲ್ಲಿ ಬೇಸ್‌ಮೆಂಟಿಗೆ ಕರೆಂಟ್ ಹೋಗುವ ಫೀಡರ್ ಆಫ್ ಮಾಡಿದೆ, ಡಿಜಿ (ಡೀಸೆಲ್ ಜನರೇಟರ್) ತಾನಾಗಿ ಹತ್ತಿಕೊಳ್ಳದ ಹಾಗೆ ಅದನ್ನೂ ಬಂದ್ ಮಾಡಿದೆ. ಪಂಪ್ ನಿಂತಿತು. ಮೆಟ್ಟಿಲ ಮೇಲೆ ನಿಂತಿದ್ದವರು ಕೂಗಾಡಿದರು. "ನೀರು ಬರುವಾಗ ಪಂಪ್ ಆಫ್ ಮಾಡ್ತಾರೇನ್ರೀ? ಕಾರಿನ ದುಡ್ಡು ನೀವು ಕೊಡ್ತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರನ್ನೂ ಕೆಳಗೆ ಇಳಿಯಲು ಬಿಡಲಿಲ್ಲ, ಅಷ್ಟೇ.

ಆ ಬೈಗುಳ ಎರಡು ವರ್ಷಕ್ಕೂ ಜಾಸ್ತಿ ಮನಸ್ಸಲ್ಲಿ ಕೊರೆಯುತ್ತಿತ್ತು. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆ ಕಡೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬೇಸ್‌ಮೆಂಟಿನ ನೀರು ತೆಗೆಯಲು ಹೋಗಿ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬರು ಅರವತ್ತು ದಾಟಿದ ನಿವಾಸಿ, ಇನ್ನೊಬ್ಬ ಹನ್ನೆರಡು ವರ್ಷದ ಹುಡುಗ. ಆ ಸುದ್ದಿ ಓದಿದ ದಿನ ನಮ್ಮ ಕಮಿಟಿಯವರೊಬ್ಬರು ಗೇಟಿನ ಹತ್ತಿರ ನಿಂತು, "ಆವತ್ತು ನೀವು ಮಾಡಿದ್ದು ಸರಿ ಕಣ್ರೀ" ಅಂದರು.

2022ರ ಆ ರಾತ್ರಿ ಕಳೆದು ಬೆಳಗ್ಗೆ ಹೊತ್ತಿಗೆ ಎರಡಡಿ ನೀರು. ನಮ್ಮ ಬೇಸ್‌ಮೆಂಟ್ ಸುಮಾರು 9,000 ಚದರ ಅಡಿ. ಒಂದು ಇಂಚು ನೀರು ಅಂದರೇನೇ 21,000 ಲೀಟರ್. ಎರಡಡಿಗೆ ಐದು ಲಕ್ಷ ಲೀಟರ್ ದಾಟುತ್ತದೆ, 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 85 ಲೋಡ್. ಏಪ್ರಿಲ್‌ನಲ್ಲಿ ಒಂದು ಲೋಡಿಗಾಗಿ ನಾನೇ ಟ್ಯಾಂಕರ್‌ನವನಿಗೆ ಹತ್ತು ಸಲ ಫೋನ್ ಮಾಡಿದ್ದೆ! ನಿಮಿಷಕ್ಕೆ 500 ಲೀಟರ್ ಎತ್ತುವ ಪಂಪ್ ಒಂದು ನಿಮಿಷವೂ ನಿಲ್ಲದೆ ಓಡಿದರೂ ಇದಕ್ಕೆ ಹದಿನೇಳು ಗಂಟೆ ಬೇಕು.

ಬಾಡಿಗೆಗೆ ಡೀಸೆಲ್ ಪಂಪ್ ತರಿಸಿದೆವು. ಮೊದಲು ರ‍್ಯಾಂಪಿನ ಬಾಯಿಗೆ ಮರಳು ಮೂಟೆ ಅಡ್ಡ ಹಾಕಿದೆವು. ಅದಿಲ್ಲದೆ ಪಂಪ್ ಹಾಕುವುದು ತೂತು ಬಿಂದಿಗೆಗೆ ನೀರು ಸೇದಿದ ಹಾಗೆ. ಪಂಪ್ ತಂದವನು ಅದನ್ನು ಬೇಸ್‌ಮೆಂಟ್ ಒಳಗೆ ಇಳಿಸಲು ಹೊರಟಿದ್ದ, ಪೈಪ್ ಗಿಡ್ಡ ಅಂತ. ಬೇಡವೇ ಬೇಡ ಅಂದೆ. ಇಂಜಿನ್ ಹೊಗೆ ಅಲ್ಲೇ ತುಂಬಿಕೊಂಡರೆ ಉಸಿರು ಕಟ್ಟಿ ಸಾಯುತ್ತಾರೆ, ಹೊಗೆಯ ವಿಷ ಮೂಗಿಗೂ ಗೊತ್ತಾಗುವುದಿಲ್ಲ. ಉದ್ದ ಪೈಪ್ ತರಿಸಿ ಪಂಪನ್ನು ಮೇಲೆ ಬಯಲಲ್ಲಿ ಇಟ್ಟೆವು. ಪರಿಚಯದ ಇಂಜಿನಿಯರ್ ಒಬ್ಬರು ಇನ್ನೊಂದು ಮಾತು ಹೇಳಿದರು: ಹೊರಗಿನ ಮಣ್ಣು ನೀರು ಕುಡಿದು ಗೋಡೆಯನ್ನು ಒತ್ತುತ್ತಿರುತ್ತದೆ, ಒಳಗಿನ ನೀರನ್ನು ಒಂದೇ ಸಲ ಖಾಲಿ ಮಾಡಬೇಡಿ. ಅರ್ಧ ಇಳಿಸಿ, ಗೋಡೆಯಲ್ಲಿ ಬಿರುಕು ಇದೆಯಾ ನೋಡಿ, ಮರುದಿನ ಮಿಕ್ಕಿದ್ದು ತೆಗೆದೆವು. ಮುಳುಗಿದ ಕಾರುಗಳನ್ನು ಸ್ಟಾರ್ಟ್ ಮಾಡಬೇಡಿ ಅಂತ ಬೋರ್ಡೇ ಬರೆದು ಹಾಕಿದ್ದೆ. ಆದರೂ ಒಬ್ಬರು ಕೀ ತಿರುಗಿಸಿದರು. ಇಂಜಿನ್ ಹೋಯಿತು.

ಕುಡಿಯುವ ನೀರಿನ ಸಂಪಿನ ಮುಚ್ಚಳವೂ ಬೇಸ್‌ಮೆಂಟಲ್ಲೇ ಇದೆ. ಅದಕ್ಕೂ ಚರಂಡಿ ನೀರು ಸೇರಿತ್ತು. ಪೂರ್ತಿ ಖಾಲಿ ಮಾಡಿ, ಉಜ್ಜಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದೆವು. ಮೇಲಿನ ಟ್ಯಾಂಕುಗಳನ್ನೂ ಬಿಡಲಿಲ್ಲ.

ಆಮೇಲೆ ಪಿಟ್ ಬಿಚ್ಚಿದೆ. ಫ್ಲೋಟಿಗೆ ಏನಾಗಿತ್ತು ಗೊತ್ತಾ? ಆಗಸ್ಟ್ 31ಕ್ಕೆ ಗಣೇಶನ ಹಬ್ಬ. ನಮ್ಮಲ್ಲಿ ಗಣಪತಿ ಕೂರಿಸುವುದು ಬೇಸ್‌ಮೆಂಟಲ್ಲೇ. ವಿಸರ್ಜನೆ ಆದ ಮೇಲೆ ನೆಲ ತೊಳೆದಿದ್ದೆವು. ಹೂವಿನ ಹಾರದ ದಾರ, ಥರ್ಮಾಕೋಲ್ ಚೂರು, ಮಾವಿನ ಸೊಪ್ಪು ಎಲ್ಲ ಪಿಟ್‌ಗೆ ಇಳಿದಿದೆ. ದಾರ ಫ್ಲೋಟಿನ ವಯರಿಗೆ ಸುತ್ತಿಕೊಂಡು ಪೈಪಿಗೆ ಕಟ್ಟಿ ಹಾಕಿದ ಹಾಗೆ ಹಿಡಿದಿತ್ತು. ಫ್ಲೋಟ್ ಮೇಲೇಳಲೇ ಇಲ್ಲ, ಪಂಪ್ ಹತ್ತಲೇ ಇಲ್ಲ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಇಂಪೆಲ್ಲರ್, ಅದಕ್ಕೂ ಒಂದಷ್ಟು ದಾರ ಸುತ್ತಿತ್ತು.

ನನಗೆ ನಾಚಿಕೆ ಆಗಿದ್ದು ಇದಕ್ಕಲ್ಲ. ನಮ್ಮ ಲಾಗ್ ಪುಸ್ತಕ ತೆಗೆದು ನೋಡಿದೆ. ಪ್ರತಿ ಸೋಮವಾರ 'ಪಿಟ್ ಪಂಪ್ – ಓಕೆ' ಅಂತ ಬರೆದು ನಾನೇ ಸಹಿ ಹಾಕಿದ್ದೇನೆ. ಓಕೆ ಅಂದರೆ ಏನು? ಮ್ಯಾನ್ಯುಯಲ್ ಬಟನ್ ಒತ್ತುವುದು, ಸದ್ದು ಕೇಳುವುದು, ಆಫ್ ಮಾಡುವುದು. ಫ್ಲೋಟ್ ಎದ್ದಿತಾ, ನೀರು ಹೊರಗೆ ಬಿದ್ದಿತಾ, ಯಾರೂ ನೋಡಿಲ್ಲ. ನಾವು ಪರೀಕ್ಷೆ ಮಾಡಿದ್ದು ನಮ್ಮ ಕಿವಿಯನ್ನು.

ಈಗ ಸೋಮವಾರದ ಕೆಲಸ ಬೇರೆ. ಪ್ಯಾನೆಲ್ ಆಟೋದಲ್ಲೇ ಇರಬೇಕು, ಬಟನ್ ಮುಟ್ಟುವಂತಿಲ್ಲ. ಪಿಟ್‌ಗೆ ಹೋಸ್ ಪೈಪಲ್ಲಿ ನೀರು ಬಿಡುತ್ತೇವೆ. ಫ್ಲೋಟ್ ತಾನಾಗಿ ಎದ್ದು ಪಂಪ್ ಹಾಕಬೇಕು. ಅಜ್ಜ ರಸ್ತೆಯಲ್ಲಿ ಪೈಪಿನ ಬಾಯಿ ಹತ್ತಿರ ನಿಂತಿರುತ್ತಾರೆ. "ಬಂತ್ರೀ!" ಅಂತ ಕೂಗಬೇಕು. ಪಂಪ್ ನಿಂತ ಮೇಲೆ ಪಿಟ್‌ನ ಗೋಡೆಯ ಗುರುತು ನೋಡಿಕೊಂಡು ಐದು ನಿಮಿಷ ಕಾಯುತ್ತೇವೆ. ಹೋಸ್ ಬಂದ್ ಆಗಿದ್ದೂ ನೀರು ಏರಿದರೆ ಎನ್‌ಆರ್‌ವಿ ಕೆಟ್ಟಿದೆ ಅಂತ ಅರ್ಥ. ಪುಸ್ತಕದಲ್ಲಿ 'ಓಕೆ' ಅನ್ನುವ ಕಾಲಮ್ಮೇ ತೆಗೆದೆ. 'ಎಷ್ಟು ನಿಮಿಷಕ್ಕೆ ಎಷ್ಟು ಇಂಚು ಇಳಿಯಿತು' ಅಂತ ಬರೆಯಬೇಕು.

ಈ ಕಾಲಮ್ ಮರುವರ್ಷವೇ ಕೆಲಸಕ್ಕೆ ಬಂತು. ಮಾಮೂಲಿಯಾಗಿ ಎರಡು ನಿಮಿಷಕ್ಕೆ ಇಳಿಯುತ್ತಿದ್ದ ನೀರು ಒಂದು ಸೋಮವಾರ ಆರು ನಿಮಿಷ ತೆಗೆದುಕೊಂಡಿತು. ಸದ್ದು ಚೆನ್ನಾಗಿಯೇ ಇತ್ತು. ಪಂಪ್ ಎತ್ತಿ ನೋಡಿದರೆ ಕಸ ಇಲ್ಲ. ಆಮೇಲೆ ಹೊಳೆಯಿತು: ಹಿಂದಿನ ವಾರ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಲಸ ಆಗಿತ್ತು, ಕರೆಂಟಿನ ಮೂರು ಫೇಸ್ ಲೈನುಗಳಲ್ಲಿ ಎರಡು ಅದಲು ಬದಲಾಗಿದ್ದವು. ತ್ರೀ ಫೇಸ್ ಮೋಟಾರು ಉಲ್ಟಾ ತಿರುಗುತ್ತಿತ್ತು. ಉಲ್ಟಾ ತಿರುಗಿದರೂ ಸ್ವಲ್ಪ ನೀರು ಎತ್ತುತ್ತದೆ, ಅದೇ ಮೋಸ. ಎರಡು ವಯರ್ ಅದಲು ಬದಲು ಮಾಡಿದೆವು, ಸರಿಹೋಯಿತು.

ಸಣ್ಣಪುಟ್ಟ ಬದಲಾವಣೆ ಇನ್ನೂ ಇವೆ. ಪಿಟ್ ಮೇಲೆ ಜಾಲರಿ, ಒಳಗೆ ಪಂಪಿನ ಸುತ್ತ ತೂತಿನ ಬುಟ್ಟಿ. ಪಕ್ಕದಲ್ಲಿ ಇನ್ನೊಂದು ಪಂಪ್. ವಾರಕ್ಕೊಂದರಂತೆ ಸರದಿ ಮೇಲೆ ಓಡಿಸುತ್ತೇವೆ, ಯಾಕೆಂದರೆ ಬೇಸಿಗೆ ಪೂರ್ತಿ ಸುಮ್ಮನೆ ಕೂತ ಪಂಪ್ ಮಳೆಗಾಲದಲ್ಲಿ ಜಾಮ್ ಆಗುತ್ತದೆ. ಪಂಪ್ ಎತ್ತುವುದು ಹಗ್ಗದಲ್ಲಿ, ಕೇಬಲ್ ಹಿಡಿದು ಎಳೆದರೆ ಅದು ಒಳಹೋಗುವ ಜಾಗದ ಬಿಗಿ ಮುಚ್ಚಳ, ಗ್ಲ್ಯಾಂಡ್, ಸಡಿಲವಾಗಿ ಮೋಟಾರಿಗೆ ನೀರು ಹೋಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ ಮೆಗ್ಗರ್, ಅಂದರೆ ಮೋಟಾರಿನ ಇನ್ಸುಲೇಷನ್ ಅಳೆಯುವ ಮೀಟರ್, ಹಾಕಿ ನೋಡುತ್ತೇವೆ. ವಯರಿಗೆ ಕಚ್ಚಿಸಿ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್‌ನಲ್ಲಿ ಆಂಪ್ಸ್ ನೋಡಿ, ಪಂಪಿನ ಮೇಲಿನ ಪ್ಲೇಟಿನ ಲೆಕ್ಕಕ್ಕೆ ಹೋಲಿಸುತ್ತೇವೆ. ಜಾಸ್ತಿ ಇದ್ದರೆ ಎಲ್ಲೋ ಬಿಗಿದಿದೆ. ಪೈಪಿನ ಬಾಯಿಯನ್ನು ಚರಂಡಿಯ ಅಂಚಿಗಿಂತ ಮೇಲೆ ಎತ್ತಿ ಕಟ್ಟಿಸಿದೆ. ಪ್ಯಾನೆಲ್ ನೆಲಮಹಡಿಗೆ ಬಂತು.

ರ‍್ಯಾಂಪಿನ ಬಾಯಲ್ಲಿ ಒಂಬತ್ತು ಇಂಚಿನ ಉಬ್ಬು ಕಟ್ಟಿಸಬೇಕು ಅಂತ ಮೂರು ಮೀಟಿಂಗಿನಲ್ಲಿ ಕೇಳಿದೆ. ಕಾರಿನ ತಳ ಉಜ್ಜುತ್ತದೆ ಅಂತ ಒಪ್ಪಲಿಲ್ಲ. ಕೊನೆಗೆ ಆರು ಇಂಚಿಗೆ ಒಪ್ಪಿಗೆ ಸಿಕ್ಕಿತು. ಮಿಕ್ಕ ಮೂರು ಇಂಚಿಗೆ ಮರಳು ಮೂಟೆಗಳನ್ನು ಗೇಟಿನ ಪಕ್ಕ ಜೋಡಿಸಿ ಇಟ್ಟಿದ್ದೇನೆ. ಗಣೇಶನ ಹಬ್ಬಕ್ಕೆ ಪೆಂಡಾಲ್‌ನವರು ಅದರ ಮೇಲೆ ಸೌಂಡ್ ಬಾಕ್ಸ್ ಇಡುತ್ತಾರೆ, ಅಜ್ಜ ಬೈದು ಇಳಿಸುತ್ತಾರೆ.