ಎಳೆಯೋದು ಬೇರೆ, ಎತ್ತೋದು ಬೇರೆ

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. “ಎಳೆಯೋದು ಬ್ಯಾರೆ, ಎತ್ತೋದು ಬ್ಯಾರೆ ಅಂತ ನನಗ ಯಾರ್ ಹೇಳ್ಯಾರ ಅಕ್ಕಾ?”

ಹೇಳಿದ್ದು ನನ್ನ ತಮ್ಮನನ್ನು ನೋಡಿಕೊಳ್ಳಲು ಬರುವ ಹುಡುಗ. ಆಳಂದ ಕಡೆಯವನು, ಇನ್ನೂ ಇಪ್ಪತ್ತೊಂದು ವರ್ಷ. ಬೆಳಗ್ಗೆ ಎಂಟಕ್ಕೆ ಬಂದರೆ ಸಂಜೆ ಆರರವರೆಗೆ ತಮ್ಮನ ಜೊತೆಗೇ ಇರುತ್ತಾನೆ. ಸ್ನಾನ, ಬಟ್ಟೆ, ಊಟ, ಮೂತ್ರದ ಚೀಲ, ಮಗ್ಗಲು ಬದಲಿಸೋದು ಎಲ್ಲ ಅವನದೇ.

ತಮ್ಮ ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಮೂರನೇ ಮಹಡಿಯಿಂದ ಬಿದ್ದ. ಆರು ವರ್ಷ ಆಯ್ತು. ಎದೆಯಿಂದ ಕೆಳಗೆ ಸ್ಪರ್ಶ ಗೊತ್ತಾಗೋದಿಲ್ಲ. ಅವನು ಅವ್ವನ ಮನೆಯಲ್ಲಿದ್ದಾನೆ, ನಾನು ಎರಡು ಓಣಿ ಆಚೆ. ಶಾಲೆ ಇದ್ದಾಗ ಸಂಜೆ ಬಂದು ಮಾತಾಡಿಸಿ ಹೋಗುತ್ತೇನೆ. ಈಗ ಬೇಸಿಗೆ ರಜೆ. ಹಾಗಾಗಿ ಸೋಮವಾರ ಸ್ನಾನದ ಹೊತ್ತಿಗೇ ಹೋಗಿದ್ದೆ. ಹಗಲು ಬೆಳಕಿನಲ್ಲಿ ಅವನ ಬೆನ್ನು ನೋಡಿ ಎಷ್ಟೋ ವಾರ ಆಗಿತ್ತು.

ಸೊಂಟದ ಕೆಳಗೆ, ಮೂಳೆ ಮೇಲೆ, ಎಂಟಾಣೆ ಅಗಲ ಚರ್ಮ ಸುಲಿದಿತ್ತು. ಸುತ್ತ ಕಪ್ಪಗೆ, ಗಟ್ಟಿಯಾಗಿತ್ತು. ಹಾಸಿಗೆ ಹುಣ್ಣು.

ನನಗೆ ಕೈಕಾಲು ನಡುಗಿತು. ಮೊದಲನೇ ವರ್ಷ ಇಂಥದೇ ಹುಣ್ಣು ಆಳಕ್ಕಿಳಿದು ಕೀವಾಗಿ ಎರಡು ತಿಂಗಳು ಆಸ್ಪತ್ರೆಯಲ್ಲಿದ್ದೆವು. ಆ ಭಯಕ್ಕೆ ಹುಡುಗನ ಮೇಲೆ ಕೂಗಾಡಿಬಿಟ್ಟೆ. “ಎರಡು ತಾಸಿಗೊಮ್ಮೆ ಹೊಳ್ಳಿಸು ಅಂತ ಹೇಳಿದ್ದಿಲ್ಲೇನು? ಮೊಬೈಲ್ ನೋಡ್ಕೋತ ಕುಂತಿದ್ದೇನು?”

ಅವನು ತಲೆ ತಗ್ಗಿಸಿ ನಿಂತ. “ಹೊಳ್ಳಿಸ್ತೀನಿ ಅಕ್ಕಾ. ಒಂದ್ ದಿನಾನೂ ತಪ್ಪಿಸಿಲ್ಲ. ಅಣ್ಣ ಕೆಳಗ ಜಾರ್‍ತಾನಲ್ಲ, ಬಗಲಾಗ ಕೈ ಹಾಕಿ ಮ್ಯಾಲಕ್ಕೆಳೀತೀನಿ. ಎಳೆಯೋದು ಬ್ಯಾರೆ, ಎತ್ತೋದು ಬ್ಯಾರೆ ಅಂತ ನನಗ ಯಾರ್ ಹೇಳ್ಯಾರ ಅಕ್ಕಾ?”

ಎಳೆಯಬಾರದು ಅಂತ ಅವನಿಗೆ ಗೊತ್ತಾಗಿದ್ದು ಕೂಡ ಹಿಂದಿನ ದಿನವಂತೆ. ಎಳೆದಾಗ ಚಾದರದ ಮೇಲೆ ರಕ್ತದ ಕಲೆ ಕಂಡು, ತಾನಾಗೇ ಯೋಚಿಸಿ ತಿಳಿದುಕೊಂಡಿದ್ದ. ಹೇಳೋಕೆ ಹೆದರಿದ್ದ. ಇನ್ನು ಹೆದರಬೇಡ ಅಂತ ನಾನಾದರೂ ಯಾವತ್ತು ಹೇಳಿದ್ದೆ?

ತಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ದವನು ಹಾಗೇ ಹೇಳಿದ: “ಅವಂಗ ಯಾಕ ಬೈತಿ? ನನಗ ಅಲ್ಲಿ ಗೊತ್ತಾಗಂಗಿಲ್ಲ. ಗೊತ್ತಾಗಿದ್ರ ನಾನೇ ಹೇಳ್ತಿದ್ದೆ. ನೀ ಬಂದು ಎಷ್ಟ್ ಸಲ ನೋಡೀದಿ?”

ನಾನು ಅಷ್ಟು ಹೊತ್ತು ತಮ್ಮ ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ ಅವನ ಮೈ ಬಗ್ಗೆ ಮಾತಾಡಿದ್ದೆ. ಅದು ಈಗಲೂ ಚುಚ್ಚುತ್ತದೆ.

ಮಂಗಳವಾರ ಫಿಸಿಯೋಥೆರಪಿ ಮೇಡಂ ಬಂದರು. ಚಿಕ್ಕ ವಯಸ್ಸು, ಮಾತು ಕಡಿಮೆ. ಇಂಥವರು ನಮ್ಮ ಊರಿನಲ್ಲಿ ಇನ್ನೂ ನಾಲ್ಕು ಜನ ಇದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ. ಹುಣ್ಣು ನೋಡಿ ಯಾರಿಗೂ ಬೈಯಲಿಲ್ಲ. ನನಗೆ ಹೇಳಿದರು, “ನೀವು ಮಲಗ್ರಿ.” ಪಕ್ಕದ ಮಂಚದ ಮೇಲೆ, ರೆಕ್ಸಿನ್ ಹಾಸಿದ ಜಾಗದಲ್ಲಿ ಮಲಗಿದೆ. ಬಗಲಿಗೆ ಕೈ ಹಾಕಿ ಒಂದು ಗೇಣು ಮೇಲಕ್ಕೆಳೆದರು. ಅಷ್ಟೇ. ಮೂಳೆ ಮೇಲಕ್ಕೆ ಹೋಯಿತು, ಚರ್ಮ ಹಾಸಿಗೆಗೆ ಅಂಟಿಕೊಂಡು ಅಲ್ಲೇ ಉಳಿಯಿತು. ಸೊಂಟದ ಹತ್ತಿರ ಉರಿ ಹತ್ತಿತು. ನನಗೆ ಉರಿ ಗೊತ್ತಾಯಿತು, ಎದ್ದು ಕುಳಿತೆ. ತಮ್ಮನಿಗೆ ದಿನಕ್ಕೆ ಐದಾರು ಸಲ ಹೀಗಾಗಿದೆ, ಅವನಿಗೆ ಗೊತ್ತೇ ಆಗಿಲ್ಲ. ಅದರ ಮೇಲೆ ಕಲಬುರಗಿ ಬಿಸಿಲು. ಕರೆಂಟ್ ಹೋದರೆ ಕೂಲರ್ ನಿಲ್ಲುತ್ತದೆ, ರೆಕ್ಸಿನ್ ಮೇಲೆ ಬೆವರು ನಿಲ್ಲುತ್ತದೆ. ಒದ್ದೆ ಚರ್ಮ ಬೇಗ ಸುಲಿಯುತ್ತದೆ.

ಆಮೇಲೆ ಹುಡುಗನಿಗೆ ತೋರಿಸಿದರು. ಹಳೇ ಚಾದರವನ್ನು ನಾಲ್ಕು ಮಡಿಕೆ ಮಾಡಿ ಹೆಗಲಿಂದ ತೊಡೆವರೆಗೆ ಅಡ್ಡ ಹಾಸಬೇಕು. ಮೇಲಕ್ಕೆ ಸರಿಸುವಾಗ ಆ ಕಡೆ ಒಬ್ಬರು, ಈ ಕಡೆ ಒಬ್ಬರು, ಅಂಚು ಸುತ್ತಿ ಮೈ ಹತ್ತಿರ ಹಿಡಿದು ಒಟ್ಟಿಗೆ ಎತ್ತಬೇಕು. ಹೊಳ್ಳಿಸುವಾಗ ತೋಳು ಹಿಡಿದು ಜಗ್ಗಬಾರದು. ಆಚೆ ಮೊಣಕಾಲು ಮೊದಲು ಮಡಚಿ, ಹೆಗಲು ಮತ್ತು ಸೊಂಟ ಹಿಡಿದು ನಮ್ಮ ಕಡೆಗೆ ಉರುಳಿಸಬೇಕು. ಬೆನ್ನಿಗೊಂದು ದಿಂಬು, ಮೊಣಕಾಲ ನಡುವೆ ಒಂದು. ಹಿಮ್ಮಡಿ ಎಲ್ಲೂ ತಾಗದ ಹಾಗೆ ಮೀನಖಂಡದ ಕೆಳಗೆ ಇನ್ನೊಂದು.

“ಬೆರಳಿಂದ ಒತ್ತಿ ನೋಡ್ರಿ. ಒತ್ತಿದ್ರೂ ಬಣ್ಣ ಬಿಳಿಚಲಿಲ್ಲ ಅಂದ್ರ ಅಲ್ಲಿ ಹುಣ್ಣು ಶುರು ಆಗ್ಯದ ಅಂತ. ಕಪ್ಪು ಮೈ ಮ್ಯಾಲೆ ಕೆಂಪು ಕಾಣಂಗಿಲ್ಲ. ಮುಟ್ಟಿ ನೋಡಬೇಕು, ಬಿಸಿ ಅದನೋ, ಗಟ್ಟಿ ಅದನೋ ಅಂತ.”

ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮಗನ ಬೆನ್ನು ಕಪ್ಪಾದಾಗೆಲ್ಲ ಆರು ವರ್ಷದಿಂದ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಾಳೆ. ಅಂಥ ಜಾಗ ತಿಕ್ಕಲೇಬಾರದು, ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟಾಗುತ್ತದೆ ಅಂದರು ಮೇಡಂ. ಅವ್ವ ಏನೂ ಅನ್ನಲಿಲ್ಲ. ಒಳಗೆ ಹೋಗಿ ಎಣ್ಣೆ ಬಾಟಲಿ ತಂದು ಅಡುಗೆ ಮನೆ ಮೂಲೆಯಲ್ಲಿಟ್ಟಳು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಇಷ್ಟನ್ನು ಕಲಿಸೋಕೆ ಅವರಿಗೆ ಹಿಡಿದದ್ದು ಒಂದು ತಾಸು. ಆಸ್ಪತ್ರೆಯಿಂದ ಬಿಡುಗಡೆ ಮಾಡಿದ ದಿನ ಯಾರಾದರೂ ಆ ಒಂದು ತಾಸು ಕೊಡಬಹುದಿತ್ತು, ಅಲ್ವಾ? ಗುಳಿಗೆಗಳ ಹೆಸರು ತುಂಬಿದ ಚೀಟಿ ಕೊಟ್ಟರು. ಅದರ ಕೊನೆಗೆ ಇಂಗ್ಲಿಷಿನಲ್ಲಿ ಒಂದು ಸಾಲು, ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಅಂತ. ಹೇಗೆ ಅಂತ ಇರಲಿಲ್ಲ. ನಾನು ಆ ಸಾಲನ್ನೇ ಹುಡುಗನಿಗೆ ಹೇಳಿದ್ದೆ. ನನಗೆ ಗೊತ್ತಿದ್ದದ್ದೂ ಅಷ್ಟೇ. ಗೊತ್ತಿಲ್ಲದವಳು ಗೊತ್ತಿಲ್ಲದವನಿಗೆ ಬೈದಿದ್ದೆ.

ಗುರುವಾರ ತಮ್ಮನ ಪಗಾರದ ವಿಷಯಕ್ಕೆ ಕಚೇರಿಗೆ ಹೋದೆ. ನಮ್ಮ ಕಡೆ ಅಂಗವಿಕಲರ ವೇತನಕ್ಕೆ ಪಗಾರ ಅಂತಲೇ ಅನ್ನೋದು. ಅಂಗವೈಕಲ್ಯ ಶೇ 75ಕ್ಕಿಂತ ಜಾಸ್ತಿ ಇದ್ದವರಿಗೆ ತಿಂಗಳಿಗೆ 1400, ಅದಕ್ಕಿಂತ ಕಡಿಮೆ, 40ರ ಮೇಲೆ ಇದ್ದವರಿಗೆ 800. ತಮ್ಮನಿಗೆ 1400 ಬರುತ್ತದೆ. ಅವ್ವನಿಗೆ ಗೃಹಲಕ್ಷ್ಮಿ 2000. ಹುಡುಗನಿಗೆ ನಾವು ಕೊಡೋದು 8000, ಅದೂ ನನ್ನ ಸಂಬಳದಲ್ಲಿ. 2024ರ ರಾಜ್ಯ ಬಜೆಟ್‌ನಲ್ಲಿ ಆರೈಕೆ ಮಾಡುವವರಿಗೆ ತಿಂಗಳಿಗೆ 1000 ಅಂತ ಹೇಳಿದ್ದರಲ್ಲ, ಅದನ್ನೂ ಕೇಳೋಣ ಅಂತಿದ್ದೆ.

ಕೇಳಿದೆ. ಅಲ್ಲಿದ್ದವರು ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿ ಹೇಳಿದರು. “ಅದು ನಾಲ್ಕು ರೋಗಕ್ಕ ಅಷ್ಟೇ ಅದರಿ ಅಕ್ಕೋರೆ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ನಿಮ್ಮ ತಮ್ಮಂದು ಬೆನ್ನುಹುರಿ ಪೆಟ್ಟು. ಅದು ಲಿಸ್ಟಿನಾಗ ಇಲ್ರಿ.”

ಆ ನಾಲ್ಕು ರೋಗ ಇರುವ ಮನೆಗಳಿಗೆ ಸಿಗಲಿ, ಇನ್ನೂ ಜಾಸ್ತಿ ಸಿಗಲಿ. ನನ್ನ ತಕರಾರು ಅದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಆರೈಕೆದಾರರ ಭತ್ಯೆಯ ಮಾತಿದೆ. ಅಲ್ಲಿ ರೋಗದ ಹೆಸರಿಲ್ಲ. ಹೆಚ್ಚಿನ ಬೆಂಬಲ ಬೇಕಾದವರಿಗೆ ಅಂತಿದೆ. ರಾತ್ರಿ ಎರಡಕ್ಕೆ ಎದ್ದು ಮಗನನ್ನು ಹೊಳ್ಳಿಸುವ ತಾಯಿಗೆ ರೋಗದ ಹೆಸರು ಏನಾದರೇನು? ಎತ್ತುವ ಭಾರ ಅದೇ, ಕೆಡುವ ನಿದ್ದೆ ಅದೇ.

ತರಬೇತಿಯ ಕತೆಯೂ ಹೀಗೇ. ಆರೈಕೆ ಮಾಡುವವರಿಗೆ ಕಲಿಸಲಿಕ್ಕೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ‘ಸಹಯೋಗಿ’ ಅನ್ನುವ ಯೋಜನೆ ಇದೆ. ಆದರೆ 1999ರ ಕಾಯ್ದೆಯಿಂದ ಹುಟ್ಟಿದ ಆ ಟ್ರಸ್ಟ್ ಇರೋದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇದ್ದವರಿಗಾಗಿ. ಅಲ್ಲಿಯೂ ನಾಲ್ಕು. ಅಲ್ಲಿಯೂ ತಮ್ಮ ಹೊರಗೆ. ಕೌಶಲ ತರಬೇತಿಯಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಂತ, ರೋಗಿಗಳನ್ನು ನೋಡಿಕೊಳ್ಳೋದು ಕಲಿಸುವ ಒಂದು ಕೋರ್ಸ್ ಇದೆ. ಹುಡುಗನನ್ನು ಅದಕ್ಕೆ ಕಳಿಸಬೇಕು ಅಂತ ನನಗೂ ಆಸೆ. ಒಂದು ಸರ್ಟಿಫಿಕೇಟ್ ಕೈಯಲ್ಲಿದ್ದರೆ ನಾಳೆ ನಮ್ಮನೆ ಬಿಟ್ಟರೂ ಮರ್ಯಾದೆಯ ಕೆಲಸ ಸಿಗುತ್ತದೆ. ಆದರೆ ಅವನು ಕಲಿಯಲು ಹೋದ ದಿನಗಳಲ್ಲಿ ತಮ್ಮನನ್ನು ಹೊಳ್ಳಿಸುವವರು ಯಾರು? ಅವನ ಮನೆಗೆ ಆ ತಿಂಗಳುಗಳ ಜೋಳ ಎಲ್ಲಿಂದ ಬರಬೇಕು? ಕಲಿಸ್ತೀವಿ ಬಾ ಅಂದರೆ ಸಾಲದು, ಅವನ ಜಾಗದಲ್ಲಿ ನಿಲ್ಲೋಕೆ ಇನ್ನೊಂದು ಜೊತೆ ಕೈ ಬೇಕು. ಇಲ್ಲವೇ ಕಲಿಸುವವರೇ ಮನೆಗೆ ಬರಬೇಕು, ಈ ಮೇಡಂ ಬಂದ ಹಾಗೆ.

ಆಳು ಅನ್ನುತ್ತಾರೆ ನಮ್ಮ ಓಣಿಯಲ್ಲಿ ಅವನನ್ನು. “ನಿಮ್ಮ ಆಳ್ ಮಗ ಛಲೋ ಅದಾನ” ಅಂತ. ಈ ಮಾತು ನನಗೆ ಮೊದಲು ಏನೂ ಅನ್ನಿಸುತ್ತಿರಲಿಲ್ಲ. ಈ ವಾರ ಅನ್ನಿಸಿತು. ಒಬ್ಬ ಮನುಷ್ಯನ ಚರ್ಮ ಉಳಿಸುವ ಕೆಲಸ ಅದು. ನರ್ಸ್ ಮಾಡಿದರೆ ಅದಕ್ಕೆ ವಿದ್ಯೆ ಅನ್ನುತ್ತೇವೆ.

ಶುಕ್ರವಾರ ಅವನ ಹತ್ತಿರ ತಪ್ಪಾಯ್ತು ಅಂದೆ. “ಇರ್ಲಿ ಬಿಡ್ರಿ ಅಕ್ಕಾ” ಅಂದು ಮುಖ ಆ ಕಡೆ ತಿರುಗಿಸಿ ಚಾದರ ಮಡಚತೊಡಗಿದ.

ಇವತ್ತು ಶನಿವಾರ. ಹುಣ್ಣಿನ ಅಂಚು ಒಣಗುತ್ತಿದೆ. ಮಂಚದ ಮೇಲಿನ ಗೋಡೆಯಲ್ಲಿ ಹಳೇ ಕ್ಯಾಲೆಂಡರ್ ತಿರುಗಿಸಿ ತೂಗುಹಾಕಿದ್ದಾನೆ. ಹಿಂದಿನ ಬಿಳಿ ಭಾಗದಲ್ಲಿ ಪೆನ್ಸಿಲ್‌ನಿಂದ ಗೆರೆ ಹೊಡೆದಿದ್ದಾನೆ. 8 ಎಡ, 10 ಬಲ, 12 ಎಡ. ಯಾವ ಹೊತ್ತಿಗೆ ಯಾವ ಮಗ್ಗಲು ಅಂತ ತಮ್ಮ ಹೇಳಿದ್ದು, ಅವನು ಬರೆದದ್ದು. ರಾತ್ರಿಯ ಸಾಲುಗಳಲ್ಲಿ ‘ಆಯಿ’ ಅಂತಿದೆ, ಅದು ಅವ್ವ. ಭಾನುವಾರ ಅವನಿಗೆ ರಜೆ. ಭಾನುವಾರದ ಸಾಲಿನಲ್ಲಿ ‘ಅಕ್ಕ’ ಅಂತ ಬರೆದಿದ್ದ.

“ನಾಳೆ ನೀವೇ ಅಲ್ಲಾ, ಒಮ್ಮೆ ಮಾಡಿ ತೋರಿಸ್ರಿ” ಅಂದ. ನಾನು ತಮ್ಮನ ಹೆಗಲಿಗೆ ಕೈ ಹಾಕಿದೆ.

“ತಡೀರಿ ಅಕ್ಕಾ” ಅಂದ. “ಮೊದಲು ಮೊಣಕಾಲು ಮಡಚ್ರಿ. ಆಮ್ಯಾಲೆ ಹೆಗಲು.”

ತಮ್ಮ ನಗುತ್ತಿದ್ದ. ನಾನು ಕೈ ತೆಗೆದು, ಮೊಣಕಾಲಿಂದ ಮತ್ತೆ ಶುರು ಮಾಡಿದೆ.