ಇಪ್ಪತ್ತು ಇಂಚು ಮಳೆಯ ನಾಡಿಗೆ ಗುಳೆ ಬಂದವರು

ಅಮೆರಿಕದ ಅಂತರ್ಯುದ್ಧ ಮುಗಿದು ಹದಿಮೂರು ವರ್ಷಗಳಾದ ಮೇಲೆ, 1878ರಲ್ಲಿ, ಕೆಂಟಕಿ ರಾಜ್ಯದ ಜಾರ್ಜ್‌ಟೌನ್ ಸುತ್ತಮುತ್ತಲಿನ ಕಪ್ಪು ಜನರ ದೊಡ್ಡ ಗುಂಪೊಂದು ಪಶ್ಚಿಮದ ಕಾನ್ಸಾಸ್ ಬಯಲಿಗೆ ಗುಳೆ ಹೊರಟಿತು. ಪಾದ್ರಿ ಡೇನಿಯಲ್ ಹಿಕ್‌ಮನ್, ಅವರ ಪತ್ನಿ ವಿಲಿಯಾನಾ ಮತ್ತು ಮಕ್ಕಳು ಆ ಗುಂಪಿನಲ್ಲಿದ್ದರು. ದಶಕಗಳ ನಂತರ ಪತ್ರಿಕೆಯಲ್ಲಿ ಅಚ್ಚಾದ ವಿಲಿಯಾನಾ ಅವರ ನೆನಪುಗಳನ್ನು ಓದಿದಾಗಿನಿಂದ ಆ ಕುಟುಂಬದ ವಿಷಯ ನನ್ನ ಮನಸ್ಸನ್ನು ಬಿಟ್ಟಿಲ್ಲ. ಚಳ್ಳಕೆರೆ ತಾಲ್ಲೂಕಿನ ಮಳೆಯಾಶ್ರಿತ ಹೊಲವನ್ನು ಬಿಟ್ಟು ದಾವಣಗೆರೆಗೆ ಬಂದು ನೆಲೆಸಿದ ಮನೆತನದವನಾದ ನನಗೆ ಅದು ದೂರದ ದೇಶದ ಇತಿಹಾಸವೆಂದು ಅನ್ನಿಸಲೇ ಇಲ್ಲ.

ಅವರು ಹೊರಟದ್ದೇಕೆ ಎಂಬುದನ್ನು ತಿಳಿಯಲು ಯುದ್ಧದ ಕೊನೆಯ ತಿಂಗಳುಗಳಿಗೆ ಹೋಗಬೇಕು. ದಕ್ಷಿಣದ ಕರಾವಳಿಯ ಒಂದು ಭಾಗದಲ್ಲಿ ಬಿಡುಗಡೆಯಾದ ಪ್ರತಿ ಕುಟುಂಬಕ್ಕೆ 40 ಎಕರೆಯವರೆಗೆ ಭೂಮಿ ಕೊಡಬೇಕೆಂದು 1865ರ ಜನವರಿಯಲ್ಲಿ ಸೇನಾಧಿಕಾರಿ ಶರ್ಮನ್ ಆದೇಶ ಹೊರಡಿಸಿದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೇ ಮರಳಿಸಿದರು. ಕೆಂಟಕಿಯ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ಒಕ್ಕೂಟವನ್ನು ಬಿಟ್ಟು ಹೋಗದ ರಾಜ್ಯವಾದ್ದರಿಂದ ಲಿಂಕನ್ನರ 1863ರ ವಿಮೋಚನಾ ಘೋಷಣೆ ಅಲ್ಲಿಗೆ ಅನ್ವಯಿಸಲಿಲ್ಲ. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಜಾರಿಗೆ ಬರುವವರೆಗೂ ಅಲ್ಲಿ ಗುಲಾಮಗಿರಿ ಉಳಿದಿತ್ತು. ಬಿಡುಗಡೆ ಸಿಕ್ಕಿತು, ನೆಲ ಸಿಗಲಿಲ್ಲ. ಹಿಂದೆ ಗುಲಾಮರಾಗಿದ್ದ ಸೀಮೆಯಲ್ಲೇ ದಕ್ಷಿಣದ ಬಹುಪಾಲು ಜನ ಕೋರಿಗೆ ಉಳುಮೆ ಮಾಡುತ್ತ, ಬೀಜಕ್ಕೂ ದಿನಸಿಗೂ ಸಾಲ ತೆಗೆದು, ಸುಗ್ಗಿಯಲ್ಲಿ ಅದನ್ನು ತೀರಿಸಲಾಗದೆ ಮತ್ತೆ ಅದೇ ಒಡೆಯನ ಹೊಲಕ್ಕೆ ಇಳಿಯಬೇಕಾಯಿತು. 1877ರಲ್ಲಿ ಕೇಂದ್ರದ ಸೇನೆ ದಕ್ಷಿಣದ ಕಾವಲಿನಿಂದ ಹಿಂದೆ ಸರಿದಾಗ ಇದ್ದ ಅಲ್ಪ ರಕ್ಷಣೆಯೂ ತಪ್ಪಿತು.

ಪಶ್ಚಿಮದಲ್ಲಿ ಮಾತ್ರ 1862ರ ಹೋಮ್‌ಸ್ಟೆಡ್ ಕಾಯ್ದೆ ಒಂದು ಬಾಗಿಲನ್ನು ತೆರೆದಿತ್ತು. ಅರ್ಜಿ ಸಲ್ಲಿಸಿ, ಸಣ್ಣ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡಿದವರಿಗೆ 160 ಎಕರೆಯ ಹಕ್ಕುಪತ್ರ ದೊರೆಯುತ್ತಿತ್ತು. 1868ರ 14ನೆಯ ತಿದ್ದುಪಡಿಯಿಂದ ಪೌರತ್ವ ಪಡೆದ ಕಪ್ಪು ಜನರೂ ಅದಕ್ಕೆ ಅರ್ಹರಾದರು. ಇದನ್ನೇ ನಂಬಿ 1877ರಲ್ಲಿ ಕಾನ್ಸಾಸಿನ ವಾಯವ್ಯ ಬಯಲಿನಲ್ಲಿ ನಿಕೋಡೆಮಸ್ ಎಂಬ ಊರು ಹುಟ್ಟಿತು. ಹಿಕ್‌ಮನ್ ಕುಟುಂಬ ಹೊರಟದ್ದು ಅಲ್ಲಿಗೆ.

ರೈಲು ಅವರನ್ನು ಎಲಿಸ್ ಎಂಬ ಊರಿನವರೆಗೆ ಮಾತ್ರ ತಂದು ಬಿಟ್ಟಿತು. ಅಲ್ಲಿ ಡೇರೆಗಳಲ್ಲಿ ತಂಗಿದ್ದಾಗ ಗುಂಪಿಗೆ ದಡಾರ ತಗಲಿ ಹಲವು ಮಕ್ಕಳು ತೀರಿಕೊಂಡರು. ಮಕ್ಕಳನ್ನು ಗುರುತಿಲ್ಲದ ಊರಿನಲ್ಲಿ ಮಣ್ಣು ಮಾಡಿ, ಉಳಿದವರು ಗಾಡಿ ಹೂಡಿ ಎರಡು ದಿನ ಪ್ರಯಾಣ ಮಾಡಿದರು. ದಾರಿಯೆಂಬುದಿರಲಿಲ್ಲ, ಜಿಂಕೆಗಳ ಕಾಲುಹಾದಿಯೇ ದಾರಿ, ದಿಕ್ಸೂಚಿಯೇ ಆಧಾರ. ರಾತ್ರಿ ಕಾಡುಪ್ರಾಣಿಗಳು ಹತ್ತಿರ ಸುಳಿಯದಿರಲೆಂದು ಗಂಡಸರು ಬೆಂಕಿ ಹಾಕಿಕೊಂಡು ಕೂತು ಗುಂಡು ಹಾರಿಸುತ್ತಿದ್ದರು. ಮುಂದೆ ಹೋಗುತ್ತಿದ್ದವರು ನಿಕೋಡೆಮಸ್ ಬಂತೆಂದು ಕೂಗಿದಾಗ ವಿಲಿಯಾನಾ ಕಣ್ಣರಳಿಸಿ ನೋಡಿದರೂ ಊರು ಕಾಣಿಸಲಿಲ್ಲ. ಎಲ್ಲಿದೆ ಊರು ಎಂದು ಕೇಳಿದ್ದಕ್ಕೆ ಪತಿ ನೆಲದೊಳಗಿಂದ ಅಲ್ಲಲ್ಲಿ ಮೇಲೇಳುತ್ತಿದ್ದ ಹೊಗೆಯನ್ನು ತೋರಿಸಿದರು. ಮರಗಳೇ ಇಲ್ಲದ ಆ ಬಯಲಿನಲ್ಲಿ ಜನ, ನಮ್ಮ ಹಿರಿಯರು ಜೋಳ ತುಂಬಿಡಲು ತೋಡುತ್ತಿದ್ದ ಹಗೇವಿನಂತೆ, ನೆಲವನ್ನು ಅಗೆದು ಅದರೊಳಗೆ ಸಂಸಾರ ಹೂಡಿದ್ದರು. ಅದನ್ನು ನೋಡಿ ಆಕೆ ಅತ್ತುಬಿಟ್ಟರು.

ಅವರಿಗಿಂತ ಮೊದಲು ಬಂದವರಲ್ಲಿ ಬಹಳಷ್ಟು ಜನರ ಬಳಿ ನೇಗಿಲಾಗಲಿ ಕುದುರೆಯಾಗಲಿ ಇರಲಿಲ್ಲ. ಗಟ್ಟಿ ಹುಲ್ಲುನೆಲವನ್ನು ಗುದ್ದಲಿ ಸಲಿಕೆಗಳಿಂದಲೇ ಒಡೆದರು. ಒಲೆಗೆ ಸೂರ್ಯಕಾಂತಿ ದಂಟು, ಬೈಸನ್ನುಗಳ ಒಣ ಸಗಣಿ. ಮೊದಲ ಚಳಿಗಾಲದಲ್ಲಿ, ಬೇಟೆ ಮುಗಿಸಿ ಮರಳುತ್ತಿದ್ದ ಓಸೇಜ್ ಮೂಲನಿವಾಸಿಗಳು ತಮ್ಮ ಮಾಂಸದಲ್ಲಿ ಪಾಲು ಕೊಟ್ಟು ಅವರನ್ನು ಉಳಿಸಿದರೆಂದು ಆ ಊರಿನವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಕಾನ್ಸಾಸಿನ ತಮ್ಮ ನೆಲದಿಂದ ಅದೇ ದಶಕದಲ್ಲಿ ದಕ್ಷಿಣಕ್ಕೆ ತಳ್ಳಲ್ಪಟ್ಟಿದ್ದ ಜನ ಆ ಓಸೇಜರು. ಈ ಸಂಗತಿಯನ್ನು ಬಿಟ್ಟು ಹೋಮ್‌ಸ್ಟೆಡ್ ಕಾಯ್ದೆಯನ್ನು ಹೊಗಳುವುದು ನನ್ನಿಂದಾಗದು.

ನನ್ನನ್ನು ಹೆಚ್ಚು ಕಾಡುವುದು ಆ 160 ಎಕರೆಯ ಲೆಕ್ಕ. ಹಿಕ್‌ಮನ್ ಕುಟುಂಬ ಕಾನ್ಸಾಸಿಗೆ ಬಂದ ವರ್ಷವೇ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ ಶುಷ್ಕ ಪ್ರದೇಶಗಳ ಕುರಿತ ತಮ್ಮ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿದರು. ವರ್ಷಕ್ಕೆ 20 ಇಂಚಿಗಿಂತ, ಎಂದರೆ ಸುಮಾರು 508 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವಲ್ಲಿ ನೀರಾವರಿಯಿಲ್ಲದೆ ಬೇಸಾಯ ನಿಲ್ಲದು, ಅಂಥಲ್ಲಿ ಹುಲ್ಲುಗಾವಲನ್ನು ನಂಬಿದ ಕುಟುಂಬಕ್ಕೆ 2,560 ಎಕರೆ ಬೇಕು ಎಂದು ಅವರು ವಾದಿಸಿದ್ದರು. ನಿಕೋಡೆಮಸ್ ಇರುವುದು ಆ ಮಳೆಗೆರೆಯ ಅಂಚಿನಲ್ಲೇ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ವಾಡಿಕೆ ಮಳೆಯೂ ಅದರ ಆಸುಪಾಸಿನದೇ. ಎಷ್ಟು ಎಕರೆಯಿದೆ ಎಂಬುದಕ್ಕಿಂತ ಹದಕ್ಕೆ ಮಳೆಯಾಯಿತೇ ಎಂಬುದೇ ಅಲ್ಲಿ ಮನೆತನಗಳ ಹಣೆಬರಹವನ್ನು ಬರೆಯುತ್ತದೆ. ಶೇಂಗಾ ಬಿತ್ತಿ ಮುಗಿಲು ನೋಡುತ್ತ ಕೂತ ನಮ್ಮ ಅಜ್ಜನ ಹೆಸರಿನಲ್ಲಿ ಪಹಣಿಗೇನೂ ಕೊರತೆಯಿರಲಿಲ್ಲ. ಆದರೂ ನಮ್ಮ ತಂದೆ, ಅತ್ತೆ ಎಲ್ಲರೂ ಹತ್ತಿಗಿರಣಿಗಳ ಊರಾದ ದಾವಣಗೆರೆಗೆ, ಭದ್ರಾ ನಾಲೆಯ ಸೀಮೆಗೆ, ಪಶ್ಚಿಮದ ದಿಕ್ಕು ಹಿಡಿದೇ ಬರಬೇಕಾಯಿತು. ಹಕ್ಕುಪತ್ರವನ್ನು ಕೊಟ್ಟು ನೀರಿನ ಮಾತೆತ್ತದ ಪುನರ್ವಸತಿಯನ್ನು ನಾನು ಅರ್ಧ ನ್ಯಾಯವೆಂದೇ ಎಣಿಸುತ್ತೇನೆ.

ನಿಕೋಡೆಮಸ್‌ಗೆ ರೈಲೂ ಒದಗಲಿಲ್ಲ. 1880ರ ದಶಕದಲ್ಲಿ ಅಂಗಡಿ, ಚರ್ಚು, ಶಾಲೆ, ಪತ್ರಿಕೆಗಳಿಂದ ಬೆಳೆಯುತ್ತಿದ್ದ ಊರನ್ನು ಬಿಟ್ಟು 1888ರಲ್ಲಿ ಹಳಿಗಳು ಸಾಲೊಮನ್ ನದಿಯ ಆಚೆಗೆ ಹೋದವು. ಅಂಗಡಿಕಾರರೂ ಅವುಗಳ ಹಿಂದೆ ಹೋದರು. ತುಮಕೂರಿನಿಂದ ದಾವಣಗೆರೆಗೆ ನೇರ ರೈಲುಮಾರ್ಗಕ್ಕಾಗಿ ವರ್ಷಗಟ್ಟಲೆ ಕಾದಿರುವ ಚಿತ್ರದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಕೆಲವು ಮನೆತನಗಳು ಅಲ್ಲೇ ನಿಂತವು. 1996ರಲ್ಲಿ ಆ ಊರು ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಈಗ ಅಲ್ಲಿ ವಾಸವಿರುವವರು ಬೆರಳೆಣಿಕೆಯ ಜನ. ಪ್ರತಿ ವರ್ಷ ಜುಲೈ ಕೊನೆಯಲ್ಲಿ ಬೇರೆ ಬೇರೆ ರಾಜ್ಯಗಳಿಂದ ವಂಶಸ್ಥರು ಬಂದು ಸೇರುತ್ತಾರೆ. ವಿಲಿಯಾನಾ ಬಾಯಿಬಿಟ್ಟು ಹೇಳಿರದಿದ್ದರೆ ದಡಾರದಿಂದ ಸತ್ತ ಮಕ್ಕಳ ಸುದ್ದಿ, ನೆಲದಿಂದೇಳುವ ಹೊಗೆ, ಆಕೆಯ ಅಳು ಯಾವುದೂ ಭೂದಾಖಲೆಗಳಲ್ಲಿ ಸಿಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಚಳ್ಳಕೆರೆಯ ಹೊಲವನ್ನು ಬಿಟ್ಟು ಬಂದ ವಿವರ ಬಲ್ಲವರು ಸೋದರತ್ತೆಯೊಬ್ಬರೇ. ಅವರು ಹೇಳುವುದನ್ನು ಈಚೆಗೆ ಬರೆದುಕೊಳ್ಳಲು ತೊಡಗಿದ್ದೇನೆ. ಊರು ಬಿಟ್ಟ ವರ್ಷ ದನಗಳನ್ನು ಯಾರಿಗೆ ಒಪ್ಪಿಸಿ ಬಂದರು ಎಂಬಲ್ಲಿಗೆ ಈಗ ಬಂದಿದ್ದೇವೆ.