ನ್ಯೂಸ್‌ಲೆಟರ್‌ನಲ್ಲಿ ಜಾಹೀರಾತು ಕೊಡುವ ಮುನ್ನ ಅದನ್ನು ಒಂದು ತಿಂಗಳು ಓದಿ

ಬೆಂಗಳೂರಿನಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ, ಕೊರಿಯರ್ ಮೂಲಕ ಮನೆಗಳಿಗೆ ಕಳುಹಿಸುವ ಸಣ್ಣ ಸಂಸ್ಥೆಯೊಂದರಲ್ಲಿ ಜಾಹೀರಾತಿನ ಹೊಣೆ ನನ್ನದು. 2022ರಲ್ಲಿ ನಾನು ಮಾಡಿದ ಒಂದು ತಪ್ಪಿನ ಬೆಲೆ 45,000 ರೂಪಾಯಿ. ಎಪ್ಪತ್ತು ಸಾವಿರ ಚಂದಾದಾರರಿದ್ದು, ಶೇ. 52ರಷ್ಟು ಮಂದಿ ತೆರೆದು ಓದುತ್ತಾರೆಂದು ಹೇಳಿಕೊಂಡ ಇಮೇಲ್ ನ್ಯೂಸ್‌ಲೆಟರ್ ಒಂದರಲ್ಲಿ, ಅದರ ಒಂದು ಸಂಚಿಕೆಯನ್ನೂ ಪೂರ್ತಿಯಾಗಿ ಓದದೆ, ಜಾಹೀರಾತಿಗೆ ಹಣ ಕಟ್ಟಿದೆ. ಬಂದ ಕ್ಲಿಕ್‌ಗಳು 640, ಆರ್ಡರ್‌ಗಳು ನಾಲ್ಕು. ಒಂದೊಂದು ಆರ್ಡರ್‌ಗೂ 11,250 ರೂಪಾಯಿ ಖರ್ಚು ಬಿದ್ದಿತ್ತು.

ನಮ್ಮ ಜಾಲತಾಣದ ಲೆಕ್ಕವನ್ನು ನಿಮಿಷ ನಿಮಿಷವಾಗಿ ಬಿಡಿಸಿ ನೋಡಿದಾಗ, ಹೆಚ್ಚಿನ ಕ್ಲಿಕ್‌ಗಳು ಬೆಳಿಗ್ಗೆ ಆರೂವರೆಗೆ ಪತ್ರ ಹೊರಟ ಎರಡೇ ನಿಮಿಷಗಳಲ್ಲಿ ಬಂದಿದ್ದವು, ಮತ್ತು ಅವುಗಳಲ್ಲಿ ಒಂದೂ ಪುಟದಲ್ಲಿ ಒಂದು ಸೆಕೆಂಡ್ ನಿಂತಿರಲಿಲ್ಲ. ಅನೇಕ ಕಚೇರಿಗಳ ಮೇಲ್ ವ್ಯವಸ್ಥೆಯಲ್ಲಿರುವ ಭದ್ರತಾ ತಂತ್ರಾಂಶವು ಪತ್ರವನ್ನು ಒಳಗೆ ಬಿಡುವ ಮೊದಲು ಅದರ ಲಿಂಕ್‌ಗಳನ್ನು ತಾನೇ ತೆರೆದು ಪರೀಕ್ಷಿಸುತ್ತದೆ. ಎಷ್ಟು ಮಂದಿ ಪತ್ರ ತೆರೆದರು ಎಂದು ಹೇಳುವ ಓಪನ್ ರೇಟ್‌ನ ಸ್ಥಿತಿಯೂ ಹೀಗೆಯೇ. 2021ರ ಸೆಪ್ಟೆಂಬರ್‌ನಲ್ಲಿ ಐಫೋನ್‌ನ ತಂತ್ರಾಂಶವಾದ ಐಒಎಸ್ 15ರ ಜೊತೆಗೆ ಆಪಲ್ ತಂದ ಗೌಪ್ಯತಾ ಸೌಲಭ್ಯವನ್ನು ಬಳಸುವವರ ವಿಷಯದಲ್ಲಿ, ಓದುಗರು ಪತ್ರವನ್ನು ಮುಟ್ಟದಿದ್ದರೂ ಅದರ ಚಿತ್ರಗಳು ಮೊದಲೇ ಇಳಿದುಬಿಡುತ್ತವೆ. ಚಿತ್ರ ಇಳಿದದ್ದನ್ನೇ ಪತ್ರ ತೆರೆದ ಗುರುತೆಂದು ಎಣಿಸುವುದರಿಂದ, ಕಳುಹಿಸಿದವರ ಲೆಕ್ಕದಲ್ಲಿ ಅದು ‘ತೆರೆಯಲಾಗಿದೆ’ ಎಂದೇ ದಾಖಲಾಗುತ್ತದೆ. ನಮ್ಮ ಗಿರಾಕಿಗಳಲ್ಲಿ ಐಫೋನ್ ಹಿಡಿದವರು ಬಹಳ ಮಂದಿ ಇರುವುದರಿಂದ, ಆ ಅಂಕಿಯನ್ನು ಆಧರಿಸಿ ನಾನು ಈಗ ಯಾವ ತೀರ್ಮಾನಕ್ಕೂ ಬರುವುದಿಲ್ಲ.

ಅಂದಿನಿಂದ ಯಾವುದೇ ನ್ಯೂಸ್‌ಲೆಟರ್ ಅನ್ನು ಮೊದಲು ನನ್ನ ಸ್ವಂತ ವಿಳಾಸಕ್ಕೆ ತರಿಸಿಕೊಂಡು ಒಂದು ತಿಂಗಳು ಓದುತ್ತೇನೆ. ಹೇಳಿದ ದಿನಕ್ಕೆ ಬರುತ್ತದೆಯೇ, ಜಿಮೇಲ್‌ನಲ್ಲಿ ಮುಖ್ಯ ಇನ್‌ಬಾಕ್ಸ್‌ಗೆ ಬೀಳುತ್ತದೆಯೋ ಜಾಹೀರಾತು ಪತ್ರಗಳಿಗೆಂದೇ ಇರುವ ಪ್ರಮೋಷನ್ಸ್ ವಿಭಾಗಕ್ಕೋ ಎಂದು ಗಮನಿಸುತ್ತೇನೆ. ಪತ್ರದ ಗಾತ್ರ ಸುಮಾರು 102 ಕೆಬಿ ದಾಟಿದರೆ ಜಿಮೇಲ್ ಉಳಿದ ಭಾಗವನ್ನು ಕತ್ತರಿಸಿ ಒಂದು ಲಿಂಕ್‌ನ ಹಿಂದೆ ಇಡುತ್ತದೆ. ಹಾಗಾಗಿ ಉದ್ದನೆಯ ಪತ್ರದ ಕೊನೆಯಲ್ಲಿ ಸಿಗುವ ಅಗ್ಗದ ಜಾಗವನ್ನು ನಾನು ಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಜಾಹೀರಾತು ಕೊಟ್ಟವರು ಮತ್ತೆ ಬಂದಿದ್ದಾರೆಯೇ ಎಂದು ನೋಡುತ್ತೇನೆ. ನಷ್ಟವಾದ ಕಡೆ ಯಾರೂ ಮೂರನೆಯ ಸಲ ದುಡ್ಡು ಸುರಿಯುವುದಿಲ್ಲ.

ಚಂದಾದಾರರು ಎಲ್ಲಿಂದ ಬಂದರು ಎಂಬ ಪ್ರಶ್ನೆಯನ್ನು ನಾನು ಕೇಳದೆ ಬಿಡುವುದಿಲ್ಲ. ಉಚಿತ ಫೋನಿನ ಆಸೆ ತೋರಿಸಿ ಲಕ್ಕಿ ಡ್ರಾದಲ್ಲಿ ಕೂಡಿಸಿದ ವಿಳಾಸಗಳಿಗೂ, ಬರಹ ಇಷ್ಟಪಟ್ಟು ತಾವಾಗಿಯೇ ಸೇರಿದವರಿಗೂ ಅಜಗಜಾಂತರ. ಚಂದಾ ನಿಲ್ಲಿಸುವ ಗುಂಡಿಯನ್ನು ಬಚ್ಚಿಡುವ ಪತ್ರದಿಂದಲೂ ದೂರವಿರುತ್ತೇನೆ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ ಐದು ಸಾವಿರಕ್ಕೂ ಹೆಚ್ಚು ಪತ್ರ ಕಳುಹಿಸುವವರು ಒಂದೇ ಕ್ಲಿಕ್‌ನಲ್ಲಿ ಬಿಡುಗಡೆ ಕೊಡಬೇಕು, ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಎಂಬ ನಿಯಮಗಳನ್ನು ಗೂಗಲ್ 2024ರಲ್ಲಿ ತಂದ ಮೇಲೆ, ಅಂಥವರ ಪತ್ರ ಇನ್‌ಬಾಕ್ಸ್ ತಲುಪುವುದೇ ಅನುಮಾನ.

ನನಗೆ ಈ ಕೆಲಸ ಕಲಿಸಿದ್ದು ಮನೆ ಅಡುಗೆಯ ಬಗ್ಗೆ ಮಹಿಳೆಯೊಬ್ಬರು ಪ್ರತಿ ಶನಿವಾರ ಕಳುಹಿಸುವ, 2,800 ಓದುಗರ ಪುಟ್ಟ ಪತ್ರ. ಅವರ ಬರಹವೊಂದಕ್ಕೆ ಡಿಕಾಕ್ಷನ್ ಇಳಿಯುವ ವೇಗದ ಬಗ್ಗೆ ಪ್ರಶ್ನೆ ಬರೆದಾಗ ಮರುದಿನವೇ ಉತ್ತರ ಬಂತು. ಜಾಹೀರಾತಿನ ಮಾತೆತ್ತಿದಾಗ ಅವರು ದರ ಹೇಳುವ ಮೊದಲು ಕಾಲು ಕೆಜಿ ಪುಡಿ ಕೇಳಿದರು: “ನಾನು ಕುಡಿದು ನೋಡದೆ ನನ್ನ ಓದುಗರಿಗೆ ಹೇಳಲಾರೆ, ಮೇಡಂ.” ವಾರದ ನಂತರ, ಚಿಕೋರಿ ಸ್ವಲ್ಪ ಹೆಚ್ಚಾಯಿತೆಂದೂ, ಚಿಕೋರಿ ಇಲ್ಲದ ಪುಡಿಯನ್ನಾದರೆ ಸಂತೋಷದಿಂದ ಶಿಫಾರಸು ಮಾಡುವೆನೆಂದೂ ತಿಳಿಸಿದರು. ನಾವು ಕೊಟ್ಟ ವಾಕ್ಯಗಳನ್ನು ಬದಿಗಿಟ್ಟು ತಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆದರು. ಖರ್ಚು 6,000 ರೂಪಾಯಿ, ಕ್ಲಿಕ್ 190, ಆರ್ಡರ್ 37. ಅವರಲ್ಲಿ ಹನ್ನೊಂದು ಮಂದಿ ಮುಂದಿನ ತಿಂಗಳು ಮತ್ತೆ ಪುಡಿ ತರಿಸಿದರು.

ಪ್ರತಿ ಪತ್ರಕ್ಕೂ ಬೇರೆ ಕೂಪನ್ ಕೋಡ್ ಕೊಡುವುದನ್ನು ಆಗಲೇ ರೂಢಿಸಿಕೊಂಡೆ, ಏಕೆಂದರೆ ಅನೇಕರು ಬೆಳಿಗ್ಗೆ ಫೋನಿನಲ್ಲಿ ಓದಿ, ರಾತ್ರಿ ನಮ್ಮ ಹೆಸರನ್ನು ತಾವೇ ಹುಡುಕಿ ಬರುತ್ತಾರೆ. ಲಿಂಕ್‌ನ ಲೆಕ್ಕಕ್ಕೆ ಅವರು ಸಿಗುವುದಿಲ್ಲ. ಒಂದೇ ಸಂಚಿಕೆಯಿಂದ ನಿರ್ಧರಿಸದೆ ಮೂರು ಸಂಚಿಕೆಗಳಿಗಾಗುವಷ್ಟು ಹಣವನ್ನು ತೆಗೆದಿಡುತ್ತೇನೆ.

ಈಗ ತೋಟಗಾರಿಕೆಯ ಬಗೆಗಿನ ಪತ್ರವೊಂದನ್ನು ಮೂರನೆಯ ವಾರ ಓದುತ್ತಿದ್ದೇನೆ. ಬರಹ ಸೊಗಸಾಗಿದೆ, ಆದರೆ ಗುರುವಾರದ ಪತ್ರ ಎರಡು ಸಲ ಶನಿವಾರ ಬಂದಿದೆ. ಇನ್ನೂ ಎರಡು ಸಂಚಿಕೆ ನೋಡಿ, ಆಮೇಲೆ ದರ ಕೇಳುತ್ತೇನೆ.